ಅಣ್ಣಯ್ಯಪ್ಪನ ಕೈತಕ್ಕಡಿ

ಧರ್ಮಪುರಿ ಸೀಮೆಯ ನಲ್ಲಂಪಳ್ಳಿ ಸಂತೆಯಲ್ಲಿ ಅಣ್ಣಯ್ಯಪ್ಪನ ಎರಡು ಕೈಗಳಿಗೆ ಇದ್ದ ಮರ್ಯಾದೆ ಅವನ ಮಿಕ್ಕ ಮೈಗೆ ಇರಲಿಲ್ಲ. ಅವನ ಮುಖ ನೋಡಿ ಯಾರೂ "ಬಾ, ಕೂತ್ಕೋ" ಎಂದವರಲ್ಲ. ಆದರೆ ಅವನು ಕುರಿಯ ಹೊಟ್ಟೆಯಡಿ ಎರಡೂ ಕೈ ಕೊಟ್ಟು, ನೆಲದಿಂದ ಒಂದು ಗೇಣು ಎತ್ತಿ, ಕಣ್ಣು ಮುಚ್ಚಿ, "ಅದಿನೆಂಟೂವರೆ" ಎಂದನೆಂದರೆ ಸಂತೆಗೆ ಸಂತೆಯೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ತೂಗಿದರೆ ತಕ್ಕಡಿಯೂ ಹದಿನೆಂಟೂವರೆಯೇ ತೋರಿಸಬೇಕು. ತೋರಿಸದಿದ್ದರೆ ತಕ್ಕಡಿಯನ್ನೇ ರಿಪೇರಿಗೆ ಕಳಿಸುತ್ತಿದ್ದರು. ವೀಸೆ ಹೋಗಿ ಕಿಲೋ ಬಂದು ಹತ್ತು ವರ್ಷವಾಗಿದ್ದರೂ ಊರಿನ ಹಿರಿಯರು ಇನ್ನೂ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದ ಕಾಲ ಅದು. ಅಣ್ಣಯ್ಯಪ್ಪನ ಕೈಗಳು ಮಾತ್ರ ಯಾರೂ ಹೇಳಿಕೊಡದೆ ಒಂದೇ ವಾರದಲ್ಲಿ ಕಿಲೋ ಕಲಿತುಬಿಟ್ಟಿದ್ದವು.

ಅಂಥ ಘನವಂತ ಆ ವರ್ಷ ನಿಂತಲ್ಲಿ ನಿಲ್ಲಲಾರದೆ, ಕೂತಲ್ಲಿ ಕೂರಲಾರದೆ, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ. ಕಾರಣ ತೂಕವೇ. ಕುರಿಯದಲ್ಲ, ಹೆಂಡತಿಯದು.

ಹೆಂಡತಿ ಸಣ್ಣಕ್ಕ ಅವನ ಸೋದರಮಾವನ ಮಗಳು. ಹೆಸರಿಟ್ಟವರು ಮುಂದಾಲೋಚನೆ ಮಾಡಿಯೇ ಇಟ್ಟಿರಬೇಕು. ಬಾಗಿಲು ತೆರೆಯದೆ ಸಂದಿಯಲ್ಲೇ ಒಳಗೆ ಬರುವಂಥ ಆಳು. (ಕಟ್ಟಿಕೊಂಡವಳನ್ನು ದಿನಾ ಅಕ್ಕಾ ಎಂದು ಕೂಗುವುದು ಹೇಗೆ? ಅದಕ್ಕೇ ಅವನು ‘ಸಣ್ಣಿ’ ಎನ್ನುತ್ತಿದ್ದ.) ಬಸುರಿಯಾಗಿ ಐದು ತಿಂಗಳು ತುಂಬಿದಾಗ ಅವಳ ತೂಕ ಮೂವತ್ತೊಂಬತ್ತು. ಆರು ತುಂಬಿದಾಗಲೂ ಮೂವತ್ತೊಂಬತ್ತು. ಗುರುವಾರ ಗುರುವಾರ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅವಳನ್ನು ಮಿಷಿನ್ನಿನ ಮೇಲೆ ನಿಲ್ಲಿಸಿ ಕಾರ್ಡಿನಲ್ಲಿ ಬರೆಯುತ್ತಿದ್ದ ನರ್ಸಮ್ಮ ಶಾರದ, ಬರೆದದ್ದನ್ನೇ ಬರೆದು ಬರೆದು ಬೇಸತ್ತಿದ್ದಳು. ಶಾರದ ಸೇಲಂ ಕಡೆಯವಳು. ಎರಡು ವರ್ಷದಲ್ಲಿ ಈ ಊರಿನ ಕನ್ನಡ ಕಲಿತಿದ್ದಳು. ಆದರೆ ಸಿಟ್ಟು ಬಂದರೆ ತಮಿಳೇ ಮೊದಲು ಓಡಿಬರುತ್ತಿತ್ತು.

"ಎನ್ನಮ್ಮಾ ಇದು? ಎರಡು ಉಯಿರು, ಎರಡು ಜೀವ ಇರೋ ಮೈ! ಒಟ್ಟು ಒಂಬತ್ತು ಹತ್ತು ಕಿಲೋ ಏರ್ಬೇಕು. ನೀನು ಒಂದೇ ಕಿಲೋ ಏರಿದ್ದೀಯ. ತಾಯಿ ಏರ್ದೆ ಮಗು ಎಲ್ಲಿಂದ ಏರುತ್ತೆ?"

ಸಣ್ಣಕ್ಕ ನೆಲ ನೋಡಿದಳು. ಉತ್ತರ ಕೊಡಬೇಕಾದವರು ಮನೆಯಲ್ಲಿದ್ದರು.

ಆ ಉತ್ತರದ ಹೆಸರು ಅಂಕಮ್ಮ, ಅಣ್ಣಯ್ಯಪ್ಪನ ತಾಯಿ. ಮೂವತ್ತು ವರ್ಷದಿಂದ ಊರಿನ ಸೊಸೆಯಂದಿರಿಗೆಲ್ಲ ಬುದ್ಧಿ ಹೇಳಿಕೊಂಡು ಬಂದ ಮಹಾತಾಯಿ. ಬಸುರಿಯ ಊಟದ ಬಗ್ಗೆ ಅವಳದು ಒಂದು ದೊಡ್ಡ ಸಿದ್ಧಾಂತವಿತ್ತು.

"ಒಟ್ಟೆ ಅನ್ನಾದು ಒಂದೇ ಗಡ್ಗೆ ಕಣ್ಲಾ. ಅದ್ರಾಗೆ ಮುದ್ದೆ ತುಂಬಿದ್ರೆ ಕೂಸು ಎಲ್ ಕೂತ್ಕಂತೈತೆ? ಅದೂ ಅಲ್ದೆ ತಿಂದೂ ತಿಂದೂ ಕೂಸ್ ದಪ್ಪಗಾದ್ರೆ ಈ ಕಡ್ಡಿ ಅಂಗಿರೋ ಉಡ್ಗಿ ಎಂಗ್ಲಾ ಎರ್ತಾಳೆ? ಕೂಸು ಒಳ್ಗೆ ಸಣ್ದಾಗಿರ್ಬೇಕು, ಆಚೀಕ್ ಬಂದು ಬೆಳೀಬೇಕು."

ಈ ಸಿದ್ಧಾಂತದ ಪ್ರಕಾರ ಸಣ್ಣಕ್ಕನ ಮುದ್ದೆ ತಿಂಗಳು ತಿಂಗಳಿಗೂ ಕರಗುತ್ತಾ ಬಂತು. ಮೂರನೇ ತಿಂಗಳಲ್ಲಿ ತೆಂಗಿನಕಾಯಿಯಷ್ಟಿದ್ದದ್ದು ಆರನೇ ತಿಂಗಳಿಗೆ ನಿಂಬೆಹಣ್ಣಾಗಿತ್ತು. ಅಂಕಮ್ಮನಿಗೆ ಸೊಸೆಯ ಮೇಲೆ ಹಗೆಯೇನೂ ಇರಲಿಲ್ಲ, ಅದನ್ನೂ ಹೇಳಬೇಕು. ಅವಳು ತಮ್ಮನ ಮಗಳು, ತೊಡೆಯ ಮೇಲೆ ಆಡಿಸಿದ ಹುಡುಗಿ. ಹೆರಿಗೆಯಲ್ಲಿ ಅವಳಿಗೆ ಏನಾದರೂ ಆದೀತೆಂಬ ಭಯವೇ ಮುದುಕಿಯ ಕೈಯಿಂದ ಮುದ್ದೆ ಚಿವುಟಿಸುತ್ತಿತ್ತು.

ಅಣ್ಣಯ್ಯಪ್ಪನ ಭಯ ಬೇರೆ. ಎರಡು ವರ್ಷದ ಹಿಂದೆ ಚೊಚ್ಚಲ ಹೆರಿಗೆ ಪಾಪಿರೆಡ್ಡಿಪಟ್ಟಿ ಕಡೆಯ ಅವಳ ತವರಿನಲ್ಲಿ ಆಗಿತ್ತು. ಆಗಲೂ ಇದೇ ಸಿದ್ಧಾಂತ, ಇದೇ ನಿಂಬೆಹಣ್ಣು. ಹೆಣ್ಣು ಕೂಸನ್ನು ತಂದು ಅವನ ಕೈಯಲ್ಲಿಟ್ಟರು. ಎಷ್ಟೆಂದು ಯಾರೂ ಕೇಳಲಿಲ್ಲ, ಆದರೆ ಕೈ ತಾನಾಗಿ ಹೇಳಿಬಿಟ್ಟಿತು: ಒಂದೂಮುಕ್ಕಾಲು. ಅಷ್ಟು ತೂಕದ ಕುರಿಮರಿ ಉಳಿಯುವುದೇ ಕಷ್ಟವೆಂದು ಅವನಿಗೆ ಗೊತ್ತಿತ್ತು. ಕೂಸು ಒಂಬತ್ತು ದಿನ ಇತ್ತು. ಅದರ ಬಗ್ಗೆ ಅವನು ಯಾರೊಂದಿಗೂ ಮಾತಾಡಿದವನಲ್ಲ. ಆದರೆ ಈ ಸಲ ಸಣ್ಣಕ್ಕ ಬಸುರಿಯಾದ ಸುದ್ದಿ ಕೇಳಿದ ದಿನದಿಂದ ಅವನಿಗೆ ತನ್ನ ಕೈಗಳನ್ನು ಕಂಡರೇ ಭಯವಾಗುತ್ತಿತ್ತು.

ತಾಯಿಗೆ ಎದುರಾಡುವ ಧೈರ್ಯ ಅವನಿಗಿರಲಿಲ್ಲ. (ಟಗರಿನ ಕೊಂಬು ಹಿಡಿಯುವವನೂ ಅವ್ವನ ಮುಂದೆ ಮರಿಯೇ.) ಅದಕ್ಕೆ ಕಳ್ಳಸಾಗಾಣಿಕೆ ಶುರುಮಾಡಿದ. ಸಂತೆಯಿಂದ ಬರುವಾಗ ಕಂಬಳಿಯ ಮಡಿಕೆಯಲ್ಲಿ ಹುರಿದ ಕಡ್ಲೆಕಾಯಿ, ರುಮಾಲಿನೊಳಗೆ ಅಚ್ಚುಬೆಲ್ಲ. ಎರಡು ಮಂಗಳವಾರ ಸುಸೂತ್ರವಾಗಿ ನಡೆಯಿತು. ಮೂರನೆಯದರಲ್ಲಿ ಬಿಸಿಲು ಕೈಕೊಟ್ಟಿತು. ಅವನು ಹಟ್ಟಿಗೆ ಕಾಲಿಡುವ ಹೊತ್ತಿಗೆ ಬೆಲ್ಲ ಕರಗಿ ಹಣೆಯಿಂದ ಹುಬ್ಬಿಗೆ, ಹುಬ್ಬಿನಿಂದ ಮೀಸೆಗೆ ಇಳಿಯುತ್ತಿತ್ತು.

"ಏನ್ಲಾ ಅದು ಮೊಖದ್ ಮ್ಯಾಲೆ?" ಎಂದಳು ಅಂಕಮ್ಮ.

"ಬೆವ್ರು ಕಣವ್ವಾ. ಬಿಸ್ಲು ಜಾಸ್ತಿ."

"ಬೆವ್ರಿಗೆ ಇರ್ವೆ ಮುತ್ಕಂತವೇನ್ಲಾ?"

ಅಂದಿಗೆ ಸಾಗಾಣಿಕೆ ನಿಂತಿತು. ಕಡ್ಲೆಕಾಯಿಯೂ ಜಫ್ತಿಯಾಯಿತು. ಅವನ ಕಣ್ಣೆದುರೇ ಅಂಕಮ್ಮ ಅದನ್ನು ಸುಲಿದು ತಾನೇ ತಿಂದಳು, ಸೊಸೆಗೆ ಆಸೆಯಾಗಬಾರದೆಂದು ಗೋಡೆಯ ಕಡೆ ತಿರುಗಿ.

ಇನ್ನು ಉಳಿದದ್ದು ಕಾಯುವುದು. ಕಾಯುವುದು ಅವನ ಜಾಯಮಾನದಲ್ಲಿ ಇರಲಿಲ್ಲ. ಗುರುವಾರದವರೆಗೆ ಯಾರು ತಡೆಯುತ್ತಾರೆ? ದಿನಾ ಬೆಳಗ್ಗೆ ಕುರಿ ರೊಪ್ಪದ ಹಿಂದಕ್ಕೆ ಹೆಂಡತಿಯನ್ನು ಕರೆದು, ಬೆನ್ನಿಗೊಂದು ಮಂಡಿಗೊಂದು ಕೈ ಕೊಟ್ಟು, ಒಂದು ಗೇಣು ಎತ್ತಿ, ಕಣ್ಣು ಮುಚ್ಚುತ್ತಿದ್ದ.

"ಥೂ, ಬುಡು ಮಾವಾ! ಯಾರಾರ ಕಂಡ್ರೆ ಏನಂದ್ಕಂತಾರೆ? ನನ್ನೇನು ಸಂತೀಗ್ ಒಡ್ಕಂಡ್ ಓಗ್ತೀಯಾ?"

"ಸುಮ್ಕಿರೇ ಸಣ್ಣಿ, ಅಲ್ಲಾಡ್‌ಬೇಡ. ಅಲ್ಲಾಡಿದ್ರೆ ಅರ್ಧ ಕಿಲೋ ಎಚ್ಚುಕಮ್ಮಿ ಆಯ್ತದೆ… ಮೂವತ್ತೊಂಬತ್ತೂಕಾಲು."

"ನೆನ್ನೆ?"

"ಮೂವತ್ತೊಂಬತ್ತೂವರೆ."

ಸಣ್ಣಕ್ಕ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಅವನು ಮಂದೆ ಹೊಡೆದುಕೊಂಡು ಹೋಗಿ ಕಂಡ ಕಂಡ ಕುರಿಯನ್ನೆಲ್ಲ ಸುಮ್ಮಸುಮ್ಮನೆ ಎತ್ತಿ ಇಳಿಸುತ್ತಿದ್ದ. ಕುರಿಗಳೂ ಅವನಿಂದ ದೂರ ಮೇಯಲು ಕಲಿತವು.

ಏಳನೇ ತಿಂಗಳ ಮೊದಲ ಗುರುವಾರ ಮಿಷಿನ್ನು ನಲವತ್ತು ತೋರಿಸಿತು. ನರ್ಸಮ್ಮ ಪೆನ್ನು ಕೆಳಗಿಟ್ಟಳು.

"ಅಣ್ಣಯ್ಯಪ್ಪಾ, ಕೇಳ್ಕೋ. ಬರೋ ಗುರುವಾರಕ್ಕೆ ಒಂದು ಕಿಲೋ ಆದ್ರೂ ಏರಿರಬೇಕು. ಇಲ್ಲಾಂದ್ರೆ ಧರ್ಮಪುರಿ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಹೆರಿಗೆ ಆಗೋ ತನಕ ಅಲ್ಲೇ ಬೆಡ್ಡು, ಅಲ್ಲೇ ಊಟ. ನಿಮ್ಮ ಮನೇಲಿ ಏನು ನಡೀತಾ ಇದೆ ಅಂತ ನನಗೆ ತೆರಿಯುಂ, ಗೊತ್ತು."

ಮನೆಗೆ ಬಂದು ಹೇಳಿದ್ದೇ ತಡ, ಅಂಕಮ್ಮ ಎದೆ ಬಡಿದುಕೊಂಡಳು. ದೊಡ್ಡಾಸ್ಪತ್ರೆಗೆ ಹೋದ ಬಸುರಿಯರನ್ನೆಲ್ಲ ಕುಯ್ದೇ ಕಳಿಸುತ್ತಾರೆ ಎಂಬುದು ಅವಳ ಎರಡನೆಯ ಸಿದ್ಧಾಂತ. ಸಣ್ಣಕ್ಕ ಒಲೆಯ ಮುಂದೆ ಕೂತು ಸದ್ದಿಲ್ಲದೆ ಅತ್ತಳು. "ನಾನ್ ಓಗಾಕಿಲ್ಲ ಮಾವಾ. ಒಬ್ಳೇ ಅಲ್ಲಿ ಬಿದ್ಕಂಡಿರಾಕ್ ನನ್ ಕೈಲಾಗಾಕಿಲ್ಲ. ಎಂಗಾರ ಮಾಡು," ಎಂದಳು.

ಎಂಗಾರ ಮಾಡು! ಗಂಡಸಿಗೆ ಹೇಳಬಾರದ ಮಾತು ಇದೊಂದು. ಹೇಳಿದರೆ ಅವನು ನಿಜವಾಗಿಯೂ ಏನಾದರೂ ಮಾಡಿಬಿಡುತ್ತಾನೆ.

ಮಾಡಿದ್ದು ಹೀಗೆ. ಕುರಿ ವ್ಯಾಪಾರದಲ್ಲಿ ಒಂದು ಗುಟ್ಟಿದೆ. ಸಂತೆಯ ದಿನ ಬೆಳಗ್ಗೆ ಕುರಿಯ ನಾಲಗೆಗೆ ಒಂದು ಹಿಡಿ ಕಲ್ಲುಪ್ಪು ತಿಕ್ಕಿ ನೀರಿನ ತೊಟ್ಟಿಯ ಬಳಿ ಬಿಟ್ಟರಾಯಿತು. ಅದು ಕುಡಿಯುತ್ತದೆ, ಕುಡಿಯುತ್ತದೆ, ಕುಡಿಯುತ್ತಲೇ ಇರುತ್ತದೆ. ಹದಿನಾರು ಕಿಲೋ ಕುರಿ ಹದಿನೆಂಟೂವರೆಯಾಗಿ ಸಂತೆಗೆ ನಡೆಯುತ್ತದೆ. ಧರ್ಮಪುರಿಯಲ್ಲಿ ಮಟನ್ ಅಂಗಡಿ ಇಟ್ಟಿದ್ದ ಗೋವಿಂದನ್ ಐದು ವರ್ಷದಿಂದ ಅಣ್ಣಯ್ಯಪ್ಪನ ಬಳಿಯೇ ಕುರಿ ಹಿಡಿಯುತ್ತಿದ್ದ. ಅಣ್ಣಯ್ಯಪ್ಪನ ಕೈಯ ಮೇಲೆ ಅವನಿಗೆ ದೇವರಷ್ಟು ನಂಬಿಕೆ. (ಕೈ ಯಾವತ್ತೂ ಸುಳ್ಳು ಹೇಳಿರಲಿಲ್ಲ, ನಿಜ. ನೀರಿನ ತೂಕವನ್ನೂ ಸೇರಿಸಿ ನಿಜವನ್ನೇ ಹೇಳುತ್ತಿತ್ತು.)

ಗುರುವಾರ ಬೆಳಗ್ಗೆ ಅವ್ವ ಬೇಲಿಯ ಕಡೆ ಹೋದ ಸಮಯ ನೋಡಿ ಅಣ್ಣಯ್ಯಪ್ಪ ಹೆಂಡತಿಯ ಮುಂದೆ ಒಂದು ಚೊಂಬು ರಾಗಿ ಅಂಬಲಿ, ಒಂದು ಚೊಂಬು ಮಜ್ಜಿಗೆ, ಒಂದು ಚೊಂಬು ನೀರು ಸಾಲಾಗಿ ಇಟ್ಟ. ಮೂರರಲ್ಲೂ ಧಾರಾಳವಾಗಿ ಉಪ್ಪು.

"ಇದೇನ್ ಮಾವಾ, ಇಷ್ಟೊಂದ್ ಉಪ್ಪು?"

"ಕುಡಿ ಸಣ್ಣಿ. ಮಿಷಿನ್ ಮ್ಯಾಲ್ ನಿಂತು ಇಳ್ಯಾಗಂಟ ಒಟ್ಟೇಲ್ ನಿಂತ್ರೆ ಸಾಕು. ಆಮ್ಯಾಲ್ ದೊಡ್ಡಾಸ್ಪತ್ರೆ ಮಾತೇ ಇಲ್ಲ."

ಸಣ್ಣಕ್ಕ ಅವನ ಮುಖ ನೋಡಿದಳು. ಅವಳು ಕುರಿ ಮನೆಯಲ್ಲಿ ಹುಟ್ಟಿದವಳು, ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಕಣ್ಣುಮುಚ್ಚಿ ಕುಡಿದಳು. ಮೂರನೇ ಚೊಂಬಿಗೆ ಬಂದಾಗ ಬಿಕ್ಕಳಿಕೆ ಶುರುವಾಗಿತ್ತು.

ಆರೋಗ್ಯ ಕೇಂದ್ರ ಒಂದೂವರೆ ಮೈಲಿ. ಅರ್ಧ ದಾರಿಗೇ ಸಣ್ಣಕ್ಕನ ನಡಿಗೆ ಬದಲಾಯಿತು.

"ಮಾವಾ, ಆ ಸೀಮೆಜಾಲಿ ಮರೇಗ್ ಓಗ್ಬತ್ತೀನಿ."

"ಅಯ್ಯೋ ಬ್ಯಾಡ ಬ್ಯಾಡ! ಅಂಗ್ ಓದ್ರೆ ಅರ್ಧ ಕಿಲೋ ಓಯ್ತದೆ. ತಡ್ಕೋ. ಇನ್ನೇನ್ ಬಂದೇಬುಟ್ತು."

ಬಂದದ್ದು ನಿಜ, ಆದರೆ ಅಲ್ಲಿ ಹದಿನಾಲ್ಕು ಜನ ಬಸುರಿಯರು ಸಾಲಾಗಿ ಕೂತಿದ್ದರು. ಅದಕ್ಕಿಂತ ಕೆಟ್ಟ ವಿಷಯವೆಂದರೆ ಬೇವಿನ ಮರದ ಕೆಳಗೆ ಬಿಳಿ ಷರಟು ತೊಟ್ಟು ಗೋವಿಂದನ್ ನಿಂತಿದ್ದ. ಹೆರಿಗೆಗೆಂದು ಊರಿಗೆ ಬಂದಿದ್ದ ಮಗಳು ಚೆಲ್ಲಮ್ಮನನ್ನು ತೋರಿಸಲು ಕರೆತಂದಿದ್ದ. ಗೋವಿಂದನ ಹೆಂಡತಿಯ ತವರು ಇದೇ ಊರು.

"ವಾಪ್ಪಾ ಅಣ್ಣಯ್ಯಪ್ಪಾ! ನಿನ್ ಕೈ ಇರುವಾಗ ಇಲ್ಲಿ ಮಿಷಿನ್ ಎದುಕ್ಕು, ಯಾಕೆ?" ಎಂದು ಅವನು ದೊಡ್ಡದಾಗಿ ನಕ್ಕ.

ಅಣ್ಣಯ್ಯಪ್ಪನೂ ನಕ್ಕ. ಆದರೆ ಅವನ ಕಣ್ಣು ಸಾಲಿನ ಮೇಲೇ ಇತ್ತು. ಒಬ್ಬೊಬ್ಬಳನ್ನು ನರ್ಸಮ್ಮ ಎಷ್ಟು ಹೊತ್ತು ಮಾತಾಡಿಸುತ್ತಾಳಪ್ಪಾ! ಸಣ್ಣಕ್ಕ ಒಮ್ಮೆ ಎಡಗಾಲ ಮೇಲೆ ನಿಂತಳು, ಒಮ್ಮೆ ಬಲಗಾಲ ಮೇಲೆ. ಆಮೇಲೆ ಎರಡೂ ಕಾಲು ಹೆಣೆದುಕೊಂಡು ಗೋಡೆಗೆ ಒರಗಿದಳು. ಅವಳು ಗಂಡನ ಕಡೆ ನೋಡಿದ ನೋಟದಲ್ಲಿ ಮೂರು ಚೊಂಬಿನ ಸಂಕಟ ತುಂಬಿತ್ತು. ಅಣ್ಣಯ್ಯಪ್ಪ ಕೈಯಲ್ಲೇ ‘ಇನ್ನೊಂದ್ ಚಣ’ ಎಂದು ಸನ್ನೆ ಮಾಡುತ್ತಾ, ತನಗೇ ತಡೆಯಲಾರದವನಂತೆ ಮರದ ಸುತ್ತ ಸುತ್ತುತ್ತಿದ್ದ. ಕೊನೆಗೆ ಕರೆ ಬಂತು. ಸಣ್ಣಕ್ಕ ಓಡಿಹೋಗಿ ಮಿಷಿನ್ನಿನ ಮೇಲೆ ನಿಂತಳು.

ನಲವತ್ತಮೂರು.

ಅಣ್ಣಯ್ಯಪ್ಪ ಮೀಸೆ ಮೇಲೆ ಕೈಯಾಡಿಸಿದ. ಒಂದು ಕಿಲೋ ಕೇಳಿದವಳಿಗೆ ಮೂರು ಕೊಟ್ಟಿದ್ದ! ಈಗ ನರ್ಸಮ್ಮ ಶಭಾಷ್ ಎನ್ನಬೇಕು.

ನರ್ಸಮ್ಮ ಎನ್ನಲಿಲ್ಲ. ಮುಳ್ಳನ್ನು ನೋಡಿದಳು, ಕಾರ್ಡನ್ನು ನೋಡಿದಳು, ಮತ್ತೆ ಮುಳ್ಳನ್ನು ನೋಡಿದಳು. ಕೆಳಗೆ ಕೂತು ಸಣ್ಣಕ್ಕನ ಕಾಲು ಒತ್ತಿದಳು. ಒಂದೂವರೆ ಮೈಲಿ ನಡೆದು, ಅಷ್ಟು ಹೊತ್ತು ನಿಂತ ಪಾದ ಕೊಂಚ ಊದಿಕೊಂಡೇ ಇತ್ತು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ ನೋಡಿದಳು. ಅಷ್ಟು ತಡೆದುಕೊಂಡವರಿಗೆ, ಅಷ್ಟು ಹೆದರಿದವರಿಗೆ ರಕ್ತ ಶಾಂತವಾಗಿ ಹರಿಯುತ್ತದೆಯೇ?

"ಕಡವುಳೇ, ದೇವರೇ!" ಎಂದಳು ಶಾರದ. "ಒಂದು ವಾರಕ್ಕೆ ಮೂರು ಕಿಲೋ! ಇದು ಊಟದ ತೂಕ ಅಲ್ಲ, ನೀರು. ಒಡಂಬೆಲ್ಲ, ಮೈಯೆಲ್ಲ ನೀರು ಸೇರ್ತಾ ಇದೆ. ಹೀಗೆ ದಿಢೀರ್ ಅಂತ ಏರಿದ್ರೆ ಫಿಟ್ಸ್ ಬರುತ್ತೆ. ತಾಯಿಗೂ ಆಪತ್ತು, ಮಗುಗೂ ಆಪತ್ತು. ಜೀಪ್ ಹೊರಗೇ ಇದೆ. ಈಗಲೇ ಧರ್ಮಪುರಿಗೆ ಹೊರಡಿ!"

ದೊಡ್ಡಾಸ್ಪತ್ರೆ ತಪ್ಪಿಸಲು ಮಾಡಿದ ಉಪಾಯವೇ ಜೀಪು ತಂದು ಬಾಗಿಲಿಗೆ ನಿಲ್ಲಿಸಿತ್ತು. ಹೊರಗೆ ಡ್ರೈವರು ಗಾಡಿ ಸ್ಟಾರ್ಟ್ ಮಾಡಿದ. ಸಣ್ಣಕ್ಕ ಅಳುತ್ತಾ, "ಮಾವಾ, ಏಳು ಮಾವಾ, ಏಳು," ಎಂದಳು. ಅಣ್ಣಯ್ಯಪ್ಪ ಹೇಳುವುದಕ್ಕೆ ಬಾಯಿ ತೆರೆದ. ಬಾಗಿಲಲ್ಲಿ ಗೋವಿಂದನ್ ನಿಂತಿದ್ದ. ಗಲಾಟೆ ಕೇಳಿ ಬಂದು, ಪಾಪ, ನಿಜವಾಗಿಯೂ ಮರುಗಿ, "ಹೆದರ್ಬೇಡ ಅಣ್ಣಯ್ಯಪ್ಪಾ, ನಾನ್ ಕೂಡ ವರ್ರೇನ್, ಬರ್ತೀನಿ," ಎಂದ.

ಬಾಯಿ ಮುಚ್ಚಿಕೊಂಡಿತು. ಹೇಳಿದರೆ ಗೋವಿಂದನ್ ಹೋದ. ಗೋವಿಂದನ್ ಹೋದರೆ ಸಂತೆ ಹೋಯಿತು. ಕೈಯ ಮರ್ಯಾದೆ ಹೋಯಿತು. ನರ್ಸಮ್ಮ ಸಣ್ಣಕ್ಕನ ರಟ್ಟೆ ಹಿಡಿದು ಜೀಪಿನ ಕಡೆ ನಡೆಸಿದಳು. ಜೀಪು ಹತ್ತಿಸಲು ಅವಳು, "ಹೆಂಡತೀನ ಎತ್ತಪ್ಪಾ," ಎಂದಾಗ ಅಣ್ಣಯ್ಯಪ್ಪ ಅಭ್ಯಾಸದಂತೆ ಬೆನ್ನಿಗೊಂದು ಮಂಡಿಗೊಂದು ಕೈ ಕೊಟ್ಟ. ಎತ್ತಿದ. ಕೈಗಳಿಗೆ ಆ ಹಳೆಯ ಒಂದೂಮುಕ್ಕಾಲು ನೆನಪಾಯಿತು.

"ಉಪ್ಪುನೀರು ನರ್ಸಮ್ಮಾ!" ಎಂದು ಅವನು ಊರಿಗೇ ಕೇಳಿಸುವ ಹಾಗೆ ಕೂಗಿದ. "ಕಾಯ್ಲೆ ಅಲ್ಲ, ಉಪ್ಪುನೀರು! ನಾನೇ ಕುಡ್ಸಿವ್ನಿ! ಮೂರ್ ಚೊಂಬು! ಸಂತೀಗ್ ಓಗೋ ಕುರೀಗ್ ಕುಡ್ಸಂಗೆ ಕುಡ್ಸಿವ್ನಿ!"

ಡ್ರೈವರು ಇಂಜಿನ್ನು ನಿಲ್ಲಿಸಿದ. ಹದಿನಾಲ್ಕು ಬಸುರಿಯರು ಮಾತು ನಿಲ್ಲಿಸಿದರು. ಗೋವಿಂದನ್ ಉಸಿರಾಡುವುದನ್ನೇ ನಿಲ್ಲಿಸಿದ.

"ಅದಕ್ಕೇ ಮಾವಾ, ಮದ್ಲು ಇಳ್ಸು ನನ್ನ!" ಎಂದು ಸಣ್ಣಕ್ಕ ಅವನ ತೋಳಿನಿಂದ ಜಾರಿ, ಕಟ್ಟಡದ ಹಿಂದಕ್ಕೆ ಓಡಿದ ಓಟವನ್ನು ಆ ಊರು ಬಹಳ ದಿನ ನೆನೆಯಿತು.

ನರ್ಸಮ್ಮ ಅವಳನ್ನು ಒಂದು ಗಂಟೆ ಮಲಗಿಸಿದಳು. ಆ ಒಂದು ಗಂಟೆಯಲ್ಲಿ ಅವಳು ಮೂರು ಸಲ ಎದ್ದು ಹೋಗಿಬಂದಳು. ಮತ್ತೆ ತೂಗಿದಾಗ ನಲವತ್ತೊಂದೂಕಾಲು, ಪಾದದ ಊತ ಇಳಿದಿತ್ತು, ರಕ್ತದ ಒತ್ತಡವೂ ಸರಿಯಾಗಿತ್ತು; ದೊಡ್ಡಾಸ್ಪತ್ರೆಯ ಮಾತು ಮುಂದಿನ ಗುರುವಾರಕ್ಕೆ ಉಳಿಯಿತು. ಅದಾದ ಮೇಲೆ ಶಾರದ ಅಣ್ಣಯ್ಯಪ್ಪನಿಗೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅರ್ಧ ಗಂಟೆ ಅಪ್ಪಟ ಸೇಲಂ ತಮಿಳು. ಬಸುರಿಗೆ ಅಷ್ಟು ಉಪ್ಪು ಕೊಡುವವನನ್ನು ಯಾವ ಜಾತಿಯ ಪ್ರಾಣಿಗೆ ಸೇರಿಸಬೇಕೆಂದು ಅವಳು ಒಂದೊಂದಾಗಿ ಹೆಸರಿಸಿದಳು. ಅವನು ತಲೆ ತಗ್ಗಿಸಿ ಎಲ್ಲಕ್ಕೂ "ಆಮಾ, ಆಮಾ" ಎಂದು ಒಪ್ಪಿಕೊಂಡ.

ಗೋವಿಂದನ್ ಬೈಯಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ, "ಅಣ್ಣಯ್ಯಪ್ಪಾ, ಐದು ವರ್ಷವಾ?"

"ಎಲ್ಲಾ ಕುರಿಗೂ ಅಲ್ಲ ಗೋವಿಂದಣ್ಣಾ…"

"ಸರಿ. ಬರೋ ಮಂಗಳವಾರದಿಂದ ನಿನ್ ಕುರೀನ ಒಂದು ಗಂಟೆ ಕಟ್ಟಾಕ್ತೀನಿ. ಅದು ಹುಯ್ಯೋದೆಲ್ಲಾ ಹುಯ್ದು ಮುಗೀಲಿ. ಆಮೇಲೆ ತೂಗೋದು." ಅಷ್ಟು ಹೇಳಿ ಮಗಳನ್ನು ಕರೆದುಕೊಂಡು ಹೊರಟ. ತಿರುಗಿ ನೋಡಿ, "ನಿನ್ ಕೈ ಮೇಲೆ ಸತ್ಯ ಮಾಡ್ತಿದ್ದೆನಲ್ಲಯ್ಯಾ ನಾನು," ಎಂದ. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಸುದ್ದಿ ಅವರಿಗಿಂತ ಮುಂಚೆ ಮನೆ ಸೇರಿತ್ತು. ಅಂಕಮ್ಮ ಹೊಸಿಲ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಎಂಡ್ತೀನ ಕುರಿ ಮಾಡ್ದೇನ್ಲಾ ಅಣ್ಣಯ್ಯಾ? ಮಾನ ಮರ್ವಾದೆ ಐತೇನ್ಲಾ ನಿಂಗೆ? ಬಸ್ರಿ ಎಂಗ್ಸನ್ನ ಕುರಿ ಅಂಗ್ ನೋಡ್ಬೋದಾ?"

ಉತ್ತರ ಕೊಟ್ಟವಳು ಸಣ್ಣಕ್ಕ. ಮದುವೆಯಾಗಿ ಬಂದ ದಿನದಿಂದ ಅತ್ತೆಯ ಮುಂದೆ ಎರಡು ಮಾತಿಗಿಂತ ಹೆಚ್ಚು ಆಡದ ಹುಡುಗಿ ಅಂಗಳದಲ್ಲಿ ನಿಂತು ಹೇಳಿದಳು:

"ಕುರಿ ಅಂಗೇ ನೋಡತ್ತೆ ನನ್ನ. ಗಬ್ಬದ್ ಕುರೀಗೆ ನೀನೇ ಕಡೇ ಎಲ್ಡ್ ತಿಂಗ್ಳೂ ಬೇಯ್ಸಿದ್ ಉಳ್ಳಿ ಇಕ್ತೀಯ. ಮಂದೆ ಜತೆ ದೂರ ಬುಡಾಕಿಲ್ಲ, ಎಳೇ ಉಲ್ಲು ಕುಯ್ದಾಕ್ತೀಯ. ಯಾಕತ್ತೆ ಅಂದ್ರೆ, ತಾಯಿ ಒಟ್ಟೆ ಒಣ್ಗಿದ್ರೆ ಮರಿ ಕಾಲೂರಾಕಿಲ್ಲ ಅಂತೀಯ. ನಾನೂ ಮೂರ್ ವರ್ಸದಿಂದ ನೋಡ್ತಾನೇ ಇವ್ನಿ. ನನ್ನೂ ಮಂದೀಗ್ ಸೇರ್ಸ್ಬುಡತ್ತೆ. ರೊಪ್ಪದಾಗೇ ಮಲೀಕಂತೀನಿ. ನನ್ ಕೂಸೂ ಕಾಲೂರ್ಲಿ."

ರೊಪ್ಪದೊಳಗೆ ಒಂದು ಕುರಿ ಕೆಮ್ಮಿತು. ಅಂಕಮ್ಮನ ಕೈ ಸೊಂಟದಿಂದ ಜಾರಿತು. ಅವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಕುರಿಗೆಂದು ಬೇಯಿಸಿದ್ದ ಹುರುಳಿಯ ಗಡಿಗೆ ಇತ್ತು. ಅದಕ್ಕೆ ಒಗ್ಗರಣೆ ಬಿದ್ದಿತ್ತು. ಅವಳ ಕಣ್ಣುಗಳು ಕೆಂಪಗಿದ್ದವು. (ಒಗ್ಗರಣೆ ಮೆಣಸಿನಕಾಯಿ ಘಾಟು ಎಂದಳು.)

"ತಿನ್ನೇ," ಎಂದು ಸೊಸೆಯ ಮುಂದೆ ಕುಕ್ಕಿದಳು. "ತಳ ಕಾಣೋಗಂಟ ತಿನ್ನು."

ಅಂದಿನಿಂದ ಅಂಕಮ್ಮನ ಸಿದ್ಧಾಂತ ಉಲ್ಟಾ ಹೊಡೆಯಿತು. ಅವಳಿಗೆ ಯಾವುದನ್ನೂ ಅರ್ಧಕ್ಕೆ ಮಾಡಿ ಗೊತ್ತಿಲ್ಲ. ಬೆಳಗ್ಗೆ ಹುರುಳಿ, ನಡುಹೊತ್ತಿಗೆ ತೆಂಗಿನಕಾಯಿಯಂಥ ಮುದ್ದೆ, ಸಂಜೆ ಸೊಪ್ಪಿನ ಹುಳಿ, ನಡುನಡುವೆ ಮೊಟ್ಟೆ. ಮೊದಲು ಅಣ್ಣಯ್ಯಪ್ಪ ಊಟವನ್ನು ಕದ್ದು ಒಳಗೆ ತರುತ್ತಿದ್ದ. ಈಗ ಸಣ್ಣಕ್ಕ ಕದ್ದು ನಾಯಿಗೆ ಹಾಕುವ ಮಟ್ಟಕ್ಕೆ ಬಂತು. ಮನೆಯಲ್ಲಿ ಬಡವಾದವನು ಅಣ್ಣಯ್ಯಪ್ಪ ಒಬ್ಬನೇ. ಮೊಟ್ಟೆಯ ಕಡೆ ಕಣ್ಣು ಹಾಯಿಸಿದರೆ, "ನೀನೇನ್ ಎರ್ತೀಯೇನ್ಲಾ?" ಎಂದು ಅವ್ವ ಕೈಗೆ ಸೌಟಿನಲ್ಲಿ ಬಾರಿಸುತ್ತಿದ್ದಳು. ನಲವತ್ತೊಂದು ನಲವತ್ತಮೂರಾಯಿತು, ನಲವತ್ತೈದಾಯಿತು, ಒಂಬತ್ತು ತುಂಬಿದಾಗ ನಲವತ್ತೇಳರಲ್ಲಿ ನಿಂತಿತು. ಅಣ್ಣಯ್ಯಪ್ಪ ಬೆಳಗಿನ ಎತ್ತುವಿಕೆ ಬಿಟ್ಟ. ಬಿಟ್ಟ ಎಂದರೆ, ಸೊಂಟ ಬಿಡಿಸಿತು.

ಸಂತೆಯ ಕಥೆ ಬೇರೆ. ಮಂಗಳವಾರ ಗೋವಿಂದನ್ ಹೇಳಿದಂತೆ ಅಣ್ಣಯ್ಯಪ್ಪನ ಕುರಿಗಳನ್ನು ಒಂದು ಗಂಟೆ ಕಟ್ಟಿಹಾಕಿಸಿದ. ಸುತ್ತಲಿನ ವ್ಯಾಪಾರಿಗಳು ಬೀಡಿ ಹಚ್ಚಿಕೊಂಡು, ಕುರಿ ಯಾವಾಗ ಕಾಲು ಅಗಲಿಸುತ್ತದೋ ಎಂದು ಕಾದು ಕೂತು ನೋಡಿದರು. ಅವನು ಉಪ್ಪು ಮುಟ್ಟುವುದನ್ನೇ ಬಿಟ್ಟಿದ್ದ. ಆದರೂ ಒಂದು ಕುರಿ ಉಚ್ಚೆ ಹೊಯ್ದರೆ ಸಾಕು, ಎಲ್ಲರೂ ಒಟ್ಟಿಗೆ "ಓ!" ಎನ್ನುತ್ತಿದ್ದರು.

ಆಡಿಯ, ಅಂದರೆ ಆಷಾಢದ, ಗಾಳಿ ಬೀಸುತ್ತಿದ್ದ ಒಂದು ಬೆಳಗ್ಗೆ ಸಣ್ಣಕ್ಕನಿಗೆ ನೋವು ಬಂತು. ಆರೋಗ್ಯ ಕೇಂದ್ರದ ಬೇವಿನ ಮರದ ಸುತ್ತ ಅಣ್ಣಯ್ಯಪ್ಪ ಎಷ್ಟು ಸುತ್ತು ಬಂದನೆಂದರೆ ನೆಲದಲ್ಲಿ ದಾರಿ ಬಿತ್ತು. ಗೋವಿಂದನ್ ಅಲ್ಲಿಯೇ ಇದ್ದ. ಮೂರು ದಿನದ ಹಿಂದೆ ಹೆತ್ತ ಚೆಲ್ಲಮ್ಮನಿಗೆ ಬಿಸಿನೀರು ಹಿಡಿದು ಬಂದಿದ್ದ. ನಾಲ್ಕನೇ ಸುತ್ತಿನಿಂದ ಪಕ್ಕದಲ್ಲಿ ತಾನೂ ನಡೆಯತೊಡಗಿದ.

ಹನ್ನೊಂದು ಗಂಟೆಗೆ ಒಳಗಿನಿಂದ ಅಳು ಕೇಳಿಸಿತು. ಎಂಥ ಅಳು! ಬಾಗಿಲು ತೆರೆದು ನರ್ಸಮ್ಮ ಬಟ್ಟೆಯ ಗಂಟನ್ನು ಹಿಡಿದು ಬಂದಳು. ಹಿಂದೆ ಅಂಕಮ್ಮ. "ಎಣ್ಣು ಕೂಸು ಕಣ್ಲಾ. ಇಬ್ರೂ ಚೆಂದಾಗವ್ರೆ," ಎಂದಳು ಮುದುಕಿ.

"ಮೊದಲು ನೀನು ಹೇಳಪ್ಪಾ. ಆಮೇಲೆ ತೂಗ್ತೀನಿ," ಎಂದು ಶಾರದ ನಗುತ್ತಾ ಕೂಸನ್ನು ಅವನ ಕೈಯಲ್ಲಿಟ್ಟಳು. ಕಾದಿದ್ದವರೆಲ್ಲ ಸುತ್ತ ನೆರೆದರು. ಗೋವಿಂದನ್ ಕೂಡ ಕುತ್ತಿಗೆ ಚಾಚಿದ.

ಅಣ್ಣಯ್ಯಪ್ಪ ಕಣ್ಣು ಮುಚ್ಚಿದ. ಕೈ ಹೇಳುವುದನ್ನು ಕಾದ. ಕೈ ಏನೂ ಹೇಳಲಿಲ್ಲ. ಕೂಸು ಕಾಲು ಝಾಡಿಸಿ ಅವನ ಅಂಗೈಗೆ ಒದೆಯಿತು.

"ನಾಕು ಕಿಲೋ!" ಎಂದ ಅಣ್ಣಯ್ಯಪ್ಪ.

ತಟ್ಟೆಯ ತಕ್ಕಡಿಯಲ್ಲಿ ಮಲಗಿಸಿದರು. ಎರಡು ಕಿಲೋ ಒಂಬೈನೂರು.

ಒಂದು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ. ಕುರಿಯೊಂದರಲ್ಲಿ ಕಾಲು ಕಿಲೋ ತಪ್ಪದ ಕೈ, ತನ್ನ ಸ್ವಂತ ಕೂಸಿನಲ್ಲಿ ಕಿಲೋಗಿಂತ ಹೆಚ್ಚು ತಪ್ಪಿತ್ತು!

"ಒಳ್ಳೇ ತೂಕ, ರೊಂಬ ಒಳ್ಳೇ ತೂಕ," ಎಂದಳು ನರ್ಸಮ್ಮ. ಅವನಿಗೆ ಸಮಾಧಾನವಿಲ್ಲ. "ತಕ್ಡಿ ಕೆಟ್ಟೋಗೈತೆ. ಇನ್ನೊಂದ್ ಕಿತ ತೂಗಿ ನರ್ಸಮ್ಮಾ! ನಾಕು ಐತೆ, ನಾನ್ ಏಳ್ತೀನಲ್ಲಾ!"

ಎರಡನೇ ಸಲ ಮಲಗಿಸಲು ಅವನೇ ಎತ್ತಿಕೊಂಡ. ತಟ್ಟೆಗೆ ಇಡುವ ಮುಂಚೆಯೇ ಕೂಸು, ಎದೆಗೆ ಅವಚಿಕೊಂಡಿದ್ದ ಅಪ್ಪನ ಅಂಗಿಯ ಮೇಲೆಯೇ ಉಚ್ಚೆ ಹೊಯ್ದಿತು. ಮುಳ್ಳು ಒಂಬೈನೂರಕ್ಕಿಂತ ಒಂದು ಗೆರೆ ಕೆಳಗೆ ನಿಂತಿತು.

"ಓ!" ಎಂದ ಗೋವಿಂದನ್, ಸಂತೆಯಲ್ಲಿ ಎನ್ನುವ ಹಾಗೆಯೇ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಂಕಮ್ಮ, "ಇನ್ ತೂಗ್‌ಬ್ಯಾಡಿ ನರ್ಸಮ್ಮಾ, ಇರಾದೂ ಇಳ್ದೋಯ್ತದೆ," ಎಂದು ಕೂಸನ್ನು ಬಾಚಿ ಒಳಗೆ ಸೊಸೆಯ ಮಗ್ಗುಲಿಗೆ ಒಯ್ದಳು.

ಅಣ್ಣಯ್ಯಪ್ಪ ಬಾಗಿಲಲ್ಲಿ ನಿಂತ. ಅಂಗಿ ಎದೆಯಿಂದ ಹೊಟ್ಟೆಯವರೆಗೆ ಒದ್ದೆ. ಕೈ ಇನ್ನೂ ಎತ್ತಿ ಹಿಡಿದ ಹಾಗೆಯೇ ಇತ್ತು. ಮಂಚದ ಮೇಲಿನಿಂದ ಸಣ್ಣಕ್ಕ ತಲೆ ಎತ್ತಿ ಅವನನ್ನು ದಿಟ್ಟಿಸಿ ನೋಡಿದಳು. ಅವನ ಕಣ್ಣಿನಿಂದ ಕೆನ್ನೆಗೆ, ಕೆನ್ನೆಯಿಂದ ಮೀಸೆಗೆ ನೀರು ಧಾರೆಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಬೇಕೆಂಬ ಪರಿವೆಯೂ ಇರಲಿಲ್ಲ.

"ಆವತ್ತು ಮೂರ್ ಚೊಂಬೂ ನಂಗೇ ಕುಡ್ಸ್ದೆ ಅಂದ್ಕಂಡಿದ್ದೆ," ಎಂದಳು ಅವಳು. "ನೀನೂ ಕುಡ್ದಿದ್ಯಾ ಮಾವಾ?"

ಗೋವಿಂದನ್ ಹಿಂದಿನಿಂದ ಬಂದು ಅವನ ಭುಜದ ಮೇಲೆ ಕೈ ಹಾಕಿ, ಬೇವಿನ ಮರದ ಕಡೆ ತಿರುಗಿಸಿದ.

"ಒಂದು ಗಂಟೆ ಕಟ್ಟಾಕ್ರಪ್ಪಾ ಇವನ್ನ," ಎಂದ. "ಎಲ್ಲಾ ಇಳೀಲಿ. ಆಮೇಲೆ ತೂಗೋಣ."